ಮೂರನೇ ಪಾತ್ರೆಯ ನೀರು

ಆ ಕೋಣೆಯ ಬಾಗಿಲು ತೆಗೆದರೆ ಮೊದಲು ಮೈಮೇಲೆ ಬೀಳುತ್ತಿದ್ದುದು ಸದ್ದು. ನಮ್ಮೂರ ಕಡೆ ಮಳೆಗಾಲದಲ್ಲಿ ದೂರದ ತೆಂಗಿನ ತೋಟದ ಮೇಲಿಂದ ಮಳೆ ನಡೆದು ಬರುವಾಗ ಒಂದು ಸದ್ದು ಕೇಳುತ್ತದಲ್ಲ, ಹಾಗೆ. ನಲವತ್ತು ಕಂಪ್ಯೂಟರುಗಳ ಫ್ಯಾನು, ಅವುಗಳ ಬಿಸಿಯನ್ನು ಹೊರಹಾಕುವ ಮೂರು ಎಸಿಗಳ ಗಾಳಿ, ಮೂಲೆಯಲ್ಲಿ ಯುಪಿಎಸ್ಸಿನ ಗುಂಯ್ ನಾದ. 2011ರಲ್ಲಿ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಆ ಕೋಣೆ ನೋಡಿಕೊಳ್ಳುವ ಗುತ್ತಿಗೆ ಕೆಲಸಕ್ಕೆ ಸೇರಿದಾಗ ನನ್ನ ಕೈಲಿದ್ದುದು ಎಲೆಕ್ಟ್ರಿಕಲ್ ಡಿಪ್ಲೊಮಾ ಮಾತ್ರ. ಮಷೀನುಗಳು ಒಳಗೆ ಏನು ಮಾಡುತ್ತವೆ ಎಂದು ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಊರಲ್ಲಿ ಯಾರಾದರೂ ವಿಚಾರಿಸಿದರೆ "ಎಸಿ ನೋಡ್ಕೊಳ್ಳೋ ಕೆಲಸ" ಎನ್ನುತ್ತಿದ್ದೆ. ಅದು ಸುಳ್ಳೂ ಆಗಿರಲಿಲ್ಲ.

ನನಗೆ ಅರ್ಥವಾಗುತ್ತಿದ್ದುದು ಕರೆಂಟಿನ ಲೆಕ್ಕ. ಪೂರ್ತಿ ಕೆಲಸದಲ್ಲಿರುವಾಗ ಒಂದೊಂದು ಕಂಪ್ಯೂಟರ್ ಸುಮಾರು 300 ವ್ಯಾಟ್ ಎಳೆಯುತ್ತಿತ್ತು. ನಲವತ್ತಕ್ಕೆ 12 ಕಿಲೋವ್ಯಾಟ್. ಒಳಗೆ ಹೋದ ಕರೆಂಟೆಲ್ಲ ಕೊನೆಗೆ ಶಾಖವಾಗಿಯೇ ಹೊರಬರಬೇಕು. ಆ ಶಾಖವನ್ನು ಆಚೆ ಹಾಕುವ ಎಸಿಗೂ, ನಡುವೆ ಕೂತ ಯುಪಿಎಸ್ಸಿನ ನಷ್ಟಕ್ಕೂ ಇನ್ನೊಂದು 6 ಕಿಲೋವ್ಯಾಟ್. ಒಟ್ಟು 18. ದಿನಕ್ಕೆ 432 ಯೂನಿಟ್. ತಿಪಟೂರು ತಾಲ್ಲೂಕಿನ ನಮ್ಮ ಹಳ್ಳಿ ಮನೆಗೆ ತಿಂಗಳಿಗೆ ಬರುತ್ತಿದ್ದುದು ಅರವತ್ತು ಯೂನಿಟ್ಟಿನ ಬಿಲ್ಲು. ಅಂದರೆ ನಮ್ಮ ಮನೆ ಏಳು ತಿಂಗಳು ಉರಿಸುವುದನ್ನು ಈ ಕೋಣೆ ಒಂದು ದಿನದಲ್ಲಿ ಮುಗಿಸುತ್ತಿತ್ತು. ಇಷ್ಟು ತಿಂದು ಇದು ಮಾಡುವುದೇನು ಎಂಬ ಪ್ರಶ್ನೆ ಒಳಗೊಳಗೇ ಇತ್ತು.

ಅದನ್ನು ಬಿಡಿಸಿ ಹೇಳಿದವಳು ಧಾರವಾಡದ ಕಡೆಯ ಒಬ್ಬ ಹುಡುಗಿ. 2016ರಲ್ಲಿ ಪಿಎಚ್‌ಡಿಗೆ ಸೇರಿದ್ದಳು. ಉಳಿದ ವಿದ್ಯಾರ್ಥಿಗಳು ಮೇಲಿನ ಮಹಡಿಯಲ್ಲಿ ಕೂತು ಕೀಬೋರ್ಡಿನಲ್ಲೇ ಕೆಲಸ ಕಳಿಸುತ್ತಿದ್ದರು. ಇವಳೊಬ್ಬಳು ಮಾತ್ರ ಕೋಣೆಗೇ ಬಂದು "ಸರ್ರ, ನನ್ನ ರನ್ ಯಾವ ಮಷೀನ್ದಾಗ ನಡದೈತ್ರಿ? ತೋರಸ್ರಿ" ಅಂದಳು. ತೋರಿಸಿದೆ. ಎಂಟು ಕಂಪ್ಯೂಟರುಗಳ ಹಸಿರು ದೀಪಗಳನ್ನು ದೇವರ ಗುಡಿಯಲ್ಲಿ ನೋಡುವವರ ಹಾಗೆ ನೋಡಿದಳು. ಆಮೇಲೆ ವಾರಕ್ಕೊಮ್ಮೆಯಾದರೂ ಬರುತ್ತಿದ್ದಳು.

ಅವಳು ಹೇಳಿದ್ದು ಇಷ್ಟು. ನಮ್ಮ ಜೀವಕೋಶದ ಸುತ್ತ ಒಂದು ಪೊರೆ ಇರುತ್ತದೆ. ಆ ಪೊರೆಯಲ್ಲಿ ಗೇಟಿನ ಹಾಗೆ ಕೂತ ಪ್ರೋಟೀನುಗಳಿವೆ. ಅಂಥದೊಂದು ಗೇಟು ಹೇಗೆ ತೆರೆದುಕೊಳ್ಳುತ್ತದೆ ಎಂಬುದು ಅವಳ ಪ್ರಶ್ನೆ. ಅಷ್ಟು ಚಿಕ್ಕದು ಅಷ್ಟು ಬೇಗ ಅಲುಗಾಡುವುದನ್ನು ಕಣ್ಣಲ್ಲಿ ನೋಡಲಾಗದು. ಹಾಗಾಗಿ ಕಂಪ್ಯೂಟರಿನಲ್ಲಿ ಪ್ರೋಟೀನು, ಪೊರೆ, ಸುತ್ತಲ ನೀರು ಎಲ್ಲವನ್ನೂ ಪರಮಾಣು ಪರಮಾಣುವಾಗಿ ಜೋಡಿಸುತ್ತಾರೆ. ಅವಳದರಲ್ಲಿ ಸುಮಾರು ಒಂದು ಲಕ್ಷ ಪರಮಾಣು. ಪ್ರತಿಯೊಂದನ್ನೂ ಅಕ್ಕಪಕ್ಕದವು ಎಷ್ಟು ಎಳೆಯುತ್ತವೆ, ಎಷ್ಟು ತಳ್ಳುತ್ತವೆ ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಎಲ್ಲವನ್ನೂ ಒಂದಿಷ್ಟು ಸರಿಸಿ, ಮತ್ತೆ ಮೊದಲಿಂದ ಲೆಕ್ಕ. ಒಂದು ಸಲ ಸರಿಸಿದರೆ ಎರಡು ಫೆಮ್ಟೋಸೆಕೆಂಡ್ ಕಳೆದಂತೆ. ಒಂದು ಸೆಕೆಂಡನ್ನು ಕೋಟಿ ಭಾಗ ಮಾಡಿ, ಅದರಲ್ಲಿ ಒಂದು ಭಾಗವನ್ನು ಮತ್ತೆ ಹತ್ತು ಕೋಟಿ ಭಾಗ ಮಾಡಿದರೆ ಸಿಗುವುದು ಒಂದು ಫೆಮ್ಟೋಸೆಕೆಂಡ್.

"ಗೇಟ್ ತೆರಿಯೋದು ನೋಡಬೇಕಂದ್ರ ಒಂದು ಮೈಕ್ರೋಸೆಕೆಂಡರ ಬೇಕ್ರಿ. ಐವತ್ತು ಕೋಟಿ ಹೆಜ್ಜಿ" ಎಂದಳು. ನಮ್ಮ ಎಂಟು ಕಂಪ್ಯೂಟರುಗಳು ದಿನಕ್ಕೆ ಒಂದು ಕೋಟಿ ಹೆಜ್ಜೆ ಇಡುತ್ತಿದ್ದವು. ಅಂದರೆ 20 ನ್ಯಾನೋಸೆಕೆಂಡ್. ಐವತ್ತು ಹಗಲು, ಐವತ್ತು ರಾತ್ರಿ ನಿಲ್ಲದೆ ಓಡಿದರೆ ಒಂದು ಮೈಕ್ರೋಸೆಕೆಂಡ್. ಅವಳ ಮೈಯಲ್ಲಿ, ನನ್ನ ಮೈಯಲ್ಲಿ, ಅಂಥ ಗೇಟುಗಳು ಲೆಕ್ಕವಿಲ್ಲದಷ್ಟು ಸಲ ತೆರೆದು ಮುಚ್ಚಿ ಆಗುತ್ತಿರುತ್ತವೆ, ಒಂದು ಫ್ಯಾನೂ ತಿರುಗದೆ!

2019ರ ಏಪ್ರಿಲಿನ ಒಂದು ಶನಿವಾರ ರಾತ್ರಿ ಎಸಿಗಳಿಗೆ ಕರೆಂಟು ಕೊಡುವ ಸ್ವಿಚ್ಚು ಸುಟ್ಟುಹೋಯಿತು. ಕಂಪ್ಯೂಟರುಗಳು ಯುಪಿಎಸ್ ಮೇಲಿದ್ದುದರಿಂದ ಓಡುತ್ತಲೇ ಇದ್ದವು. ಮುಚ್ಚಿದ ಕೋಣೆಯಲ್ಲಿ 12 ಕಿಲೋವ್ಯಾಟಿನ ಹೀಟರ್ ಹಚ್ಚಿಟ್ಟಂತೆ. ಹಾಗಾದಾಗ ನನ್ನ ಫೋನಿಗೆ ಎಸ್‌ಎಂಎಸ್ ಬರಲೆಂದೇ ಒಂದು ಪುಟ್ಟ ಪೆಟ್ಟಿಗೆ ಗೋಡೆಯ ಮೇಲಿತ್ತು. ಅದರೊಳಗೊಂದು ಸಿಮ್ಮು. ಆ ಸಿಮ್ಮಿನ ರೀಚಾರ್ಜ್ ಮುಗಿದು ಹನ್ನೊಂದು ದಿನವಾಗಿತ್ತು. ಮಾಡಿಸಬೇಕಾದವನು ನಾನು. ನಾಳೆ ಮಾಡಿಸೋಣ ಅಂದುಕೊಂಡಿದ್ದವನೂ ನಾನೇ.

ಭಾನುವಾರ ಬೆಳಿಗ್ಗೆ ಸೆಕ್ಯುರಿಟಿಯವರು ಸುಟ್ಟ ವಾಸನೆ ಎಂದು ಫೋನು ಮಾಡಿದರು. ನಾನು ಹೋಗುವ ಹೊತ್ತಿಗೆ ಸದ್ದೆಲ್ಲ ನಿಂತುಹೋಗಿತ್ತು. ಕಂಪ್ಯೂಟರುಗಳು ಬಿಸಿ ತಾಳದೆ ತಾವಾಗಿಯೇ ಆಫ್ ಆಗಿದ್ದವು. ಅವು ಮತ್ತೆ ಎದ್ದವು. ಏಳದೆ ಹೋದದ್ದು ಎಲ್ಲರ ಫೈಲು ಇಟ್ಟಿದ್ದ ಸ್ಟೋರೇಜ್. ಒಂದು ಡಿಸ್ಕ್ ಹೋದರೆ ತಡೆಯುವ ಏರ್ಪಾಡಿತ್ತು, ಹೋದದ್ದು ಎರಡು. ಬ್ಯಾಕಪ್ ಮೂರು ವಾರ ಹಳೆಯದು. ಅವಳ ಓಟ ಮುಗಿಯಲು ಹತ್ತು ದಿನ ಬಾಕಿಯಿತ್ತು. ಈಗ ಮೂವತ್ತೊಂದು ದಿನ.

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಸಿಮ್ಮಿನ ವಿಷಯವನ್ನು ನಾನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹೋಗ್ಲಿ ಬಿಡ್ರಿ ಸರ್ರ, ಯಾರ ಬೇಕಂತ ಮಾಡ್ತಾರ?" ಎಂದು ಮೆಟ್ಟಿಲು ಹತ್ತಿ ಹೋದಳು. ಆ ರಾತ್ರಿ ನಾನು ನನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ತಪ್ಪಿನ ಲೆಕ್ಕ ಹಾಕಿದೆ. ಎಂಟು ಕಂಪ್ಯೂಟರು, ಎಸಿಯ ಪಾಲು ಸೇರಿಸಿ 3.6 ಕಿಲೋವ್ಯಾಟ್, ಇಪ್ಪತ್ತೊಂದು ದಿನ. ಸುಮಾರು 1,800 ಯೂನಿಟ್. ನಮ್ಮ ಮನೆಗೆ ಎರಡೂವರೆ ವರ್ಷದ ಕರೆಂಟು, ಒಂದು ರೀಚಾರ್ಜ್ ಮರೆತದ್ದಕ್ಕೆ.

ಜೂನಿನಲ್ಲಿ ಊರಿಗೆ ಹೋದೆ. ಅವ್ವ ಅಡುಗೆಮನೆಯಲ್ಲಿ ಒಲೆ ಮುಂದೆ ಕೂತಿದ್ದಳು. ಗ್ಯಾಸಿತ್ತು, ಆದರೂ ಮುದ್ದೆಗೆ ಅವಳಿಗೆ ಒಲೆಯೇ ಆಗಬೇಕು. ನಾನು ಈ ಕತೆಯೆಲ್ಲ ಹೇಳಿದೆ. ಅವಳು ಒಲೆಗೆ ತೆಂಗಿನ ಮಟ್ಟೆಯ ಚೂರು ತಳ್ಳುತ್ತಾ, "ಅಷ್ಟೊಂದ್ ಕರೆಂಟ್ ತಿಂದು ಆ ಮಷೀನು ಏನಪ್ಪ ಬೇಯ್ಸುತ್ತೆ? ಒಂದ್ ಪಾತ್ರೆಗೆ ಎಷ್ಟ್ ಸೌದೆ ಅಂತ ನೋಡಿದ್ದೀಯಾ?" ಅಂದಳು.

ಈ ಪ್ರಶ್ನೆ ಆ ಅಡುಗೆಮನೆಯಲ್ಲಿ ಹಿಂದೆಯೂ ಒಮ್ಮೆ ಕೇಳಿಬಂದಿತ್ತು. 1988ರ ಸುಮಾರಿಗೆ, ನನಗೆ ಎಂಟು ವರ್ಷವಿದ್ದಾಗ, ನಮ್ಮ ಮನೆಗೆ ಅಸ್ತ್ರ ಒಲೆ ಬಂತು. ನಿಮ್ಮಲ್ಲಿ ಹಳ್ಳಿಯಲ್ಲಿ ಬೆಳೆದವರಿಗೆ ನೆನಪಿರಬಹುದು. ಒಂದೇ ಬೆಂಕಿಯ ಮೇಲೆ ಸಾಲಾಗಿ ಮೂರು ಪಾತ್ರೆ, ಸೌದೆಯ ಅಡಿಗೆ ಜಾಲರಿ, ಕೊನೆಯಲ್ಲಿ ಹೊಗೆ ಕೊಳವೆ. ಹಳೆಯ ಒಲೆಯಲ್ಲಿ ಉರಿಯ ಬಹುಪಾಲು ಪಾತ್ರೆಯ ಪಕ್ಕದಿಂದ ನುಸುಳಿ ಅಡುಗೆಮನೆಯನ್ನೂ ಅಡುಗೆ ಮಾಡುವವಳನ್ನೂ ಬೇಯಿಸುತ್ತಿತ್ತು. ಇದರಲ್ಲಿ ಮೊದಲ ಪಾತ್ರೆ ತಪ್ಪಿಸಿಕೊಂಡ ಬಿಸಿಯನ್ನು ಎರಡನೆಯದು ಹಿಡಿಯುತ್ತಿತ್ತು, ಅದು ಬಿಟ್ಟದ್ದನ್ನು ಮೂರನೆಯದು. ಕಟ್ಟಿಕೊಟ್ಟವರು ಒಂದು ಅಡುಗೆಗೆ ಎಷ್ಟು ಸೌದೆ ಹೋಯಿತು ಎಂದು ತಕ್ಕಡಿ ಹಿಡಿದು ತೂಗಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಅಜ್ಜಿಗೆ ಮಾತ್ರ ಅದು ಹಿಡಿಸಲಿಲ್ಲ. ಬಾಯಿ ಚಿಕ್ಕದು, ಸೌದೆಯನ್ನು ಸಣ್ಣಗೆ ಸೀಳಿ ಹಾಕಬೇಕು, "ಇದಕ್ಕೊಬ್ಬ ಆಳು ಬೇಕು" ಎಂದು ಗೊಣಗುತ್ತಿದ್ದಳು.

ಆ ಒಲೆ ಎಲ್ಲಿಂದ ಬಂತೆಂದು ನನಗೆ ತಿಳಿದದ್ದು ಬೆಂಗಳೂರಿಗೆ ಬಂದು ಎಷ್ಟೋ ವರ್ಷಕ್ಕೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ 'ಅಸ್ತ್ರ' ಎಂಬ ತಂಡ ಕಟ್ಟಿದ್ದರು. ನಮ್ಮದೇ ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅವರ ಕೇಂದ್ರವೂ ಇತ್ತು. ದೊಡ್ಡ ದೊಡ್ಡ ಲೆಕ್ಕ ಮಾಡುವವರ ನಡುವೆ ಕೂತು ಕೆಲವರು ಒಲೆಯ ಲೆಕ್ಕ ಮಾಡಿದ್ದರು.

ಬೆಂಗಳೂರಿಗೆ ವಾಪಸಾದವನೇ ನಾನು ಅವ್ವನ ಪ್ರಶ್ನೆಯನ್ನು ಮಷೀನಿಗೆ ಹಾಕಿದೆ. ಅಲ್ಲಿಯವರೆಗೆ ನನ್ನ ರಿಜಿಸ್ಟರಿನಲ್ಲಿ ಇದ್ದುದು ದಿನಕ್ಕೆ ಎಷ್ಟು ಯೂನಿಟ್ ಎಂಬುದು ಮಾತ್ರ. ಈಗ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದೆ: ಒಂದು ನ್ಯಾನೋಸೆಕೆಂಡಿಗೆ ಎಷ್ಟು ಯೂನಿಟ್. ಹುಡುಗಿಯ ಓಟದ ಲೆಕ್ಕ 4.3 ಯೂನಿಟ್ ಎಂದು ಬಂತು.

ಹೋಲಿಸಲು ಬೇರೊಂದು ಒಲೆ ಬೇಕಲ್ಲ. ಪಕ್ಕದ ಲ್ಯಾಬಿನವರು ಹುಡುಗರು ಗೇಮ್ ಆಡಲು ಬಳಸುವಂಥ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿದ ಕಂಪ್ಯೂಟರ್ ತಂದಿದ್ದರು. ಎರಡು ದಿನಕ್ಕೆ ಕೇಳಿ ಪಡೆದೆವು. ಅವಳು ಅದೇ ಪ್ರೋಟೀನನ್ನು, ಅದೇ ಒಂದು ಲಕ್ಷ ಪರಮಾಣುಗಳನ್ನು ಅದರಲ್ಲಿ ಓಡಿಸಿದಳು. ನಾನು ಪ್ಲಗ್ಗಿಗೆ ಎನರ್ಜಿ ಮೀಟರ್ ಸಿಕ್ಕಿಸಿ ಕೂತೆ. 450 ವ್ಯಾಟ್. ದಿನಕ್ಕೆ 100 ನ್ಯಾನೋಸೆಕೆಂಡ್. ಎಸಿಯ ಪಾಲು ಸೇರಿಸಿದರೂ ನ್ಯಾನೋಸೆಕೆಂಡಿಗೆ 0.16 ಯೂನಿಟ್. ಮೀಟರು ಕೆಟ್ಟಿದೆ ಎಂದುಕೊಂಡು ಬೇರೆ ಮೀಟರ್ ತಂದು ನೋಡಿದೆ. ಅದೂ ಅಷ್ಟೇ ತೋರಿಸಿತು. ಇಪ್ಪತ್ತೈದು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ.

ಯಾಕೆ ಹೀಗೆ ಎಂದು ತಿಳಿಯಲು ನನಗೆ ತಿಂಗಳುಗಳೇ ಹಿಡಿದವು. ಅವಳು ಹೇಳಿಕೊಟ್ಟದ್ದು, ಓದಿದ್ದು ಎರಡನ್ನೂ ಸೇರಿಸಿ ನನ್ನ ತಲೆಗೆ ಹತ್ತಿದ್ದನ್ನು ಹೇಳುತ್ತೇನೆ. ಲೆಕ್ಕ ಮಾಡುವುದಕ್ಕೆ ಕಂಪ್ಯೂಟರಿನಲ್ಲಿ ಹೆಚ್ಚು ಕರೆಂಟು ಬೇಕಿಲ್ಲ. ಕರೆಂಟು ಹೋಗುವುದು ಲೆಕ್ಕಕ್ಕೆ ಬೇಕಾದ ಸಂಖ್ಯೆಯನ್ನು ಹೊತ್ತು ತರುವುದಕ್ಕೆ, ಮುಂದಿನ ಆಜ್ಞೆ ಏನೆಂದು ಓದಿ ತಿಳಿಯುವುದಕ್ಕೆ. ಸ್ಟ್ಯಾನ್‌ಫರ್ಡಿನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಇದರ ಪಟ್ಟಿಯನ್ನೇ ಕೊಟ್ಟಿದ್ದರು. ಆ ಕಾಲದ ಚಿಪ್ಪಿನಲ್ಲಿ ಎರಡು ಸಂಖ್ಯೆಗಳ ಒಂದು ಗುಣಾಕಾರಕ್ಕೆ ಸುಮಾರು 4 ಪಿಕೋಜೌಲ್ ಸಾಕು. ಅದೇ ಸಂಖ್ಯೆಯನ್ನು ಚಿಪ್ಪಿನ ಹೊರಗಿರುವ ಮೆಮೊರಿಯಿಂದ ತರಲು ಅದರ ನೂರು ಪಟ್ಟಿಗೂ ಹೆಚ್ಚು. ತರಕಾರಿ ಹೆಚ್ಚುವುದಕ್ಕಿಂತ ಸಂತೆಗೆ ಹೋಗಿ ಬರುವ ಖರ್ಚೇ ದೊಡ್ಡದು ಅನ್ನುವ ಹಾಗೆ.

ಮಾಮೂಲಿ ಪ್ರೊಸೆಸರ್ ಹೋಟೆಲಿನ ಮಾಣಿಯಂತೆ. ಒಂದೊಂದು ಟೇಬಲಿಗೂ ಹೋಗಿ, ಏನು ಬೇಕು ಕೇಳಿ, ನೆನಪಿಟ್ಟು, ತಂದು ಕೊಡುತ್ತಾನೆ. ಯಾರು ಏನು ಕೇಳಿದರೂ ಕೊಡಬಲ್ಲ, ಆದರೆ ಓಡಾಟವೇ ಜಾಸ್ತಿ. ಗ್ರಾಫಿಕ್ಸ್ ಕಾರ್ಡ್ ಮದುವೆ ಮನೆಯ ಪಂಕ್ತಿಯಂತೆ. ಸಾರಿನ ಬಕೆಟ್ ಹಿಡಿದವನು ಯಾರನ್ನೂ ಕೇಳದೆ ಸಾಲಿಡೀ ಬಡಿಸಿಕೊಂಡು ಹೋಗುತ್ತಾನೆ. ಪ್ರೋಟೀನಿನ ಲೆಕ್ಕ ಪಂಕ್ತಿ ಊಟದ ಜಾತಿಯದು. ಲಕ್ಷ ಪರಮಾಣುವಿಗೂ ಅದೇ ಸೂತ್ರ.

ಇನ್ನೊಂದು ಉಳಿತಾಯ ತೂಕದ್ದು. ಹೆಚ್ಚು ಅಂಕಿಗಳವರೆಗೆ ನಿಖರವಾಗಿ ಲೆಕ್ಕ ಹಾಕಿದಷ್ಟೂ ಹೆಚ್ಚು ಕರೆಂಟು. ಪರಮಾಣುಗಳ ಎಳೆತ ತಳ್ಳಾಟದ ಬಹುಪಾಲಿಗೆ ಅಷ್ಟು ನಿಖರತೆ ಬೇಕಾಗುವುದಿಲ್ಲ, ಕೆಲವೇ ಕಡೆ ಬೇಕು. ತಿಪಟೂರು ಮಂಡಿಯಲ್ಲಿ ಕೊಬ್ಬರಿಯನ್ನು ಯಾರೂ ಚಿನ್ನದ ತಕ್ಕಡಿಯಲ್ಲಿ ತೂಗುವುದಿಲ್ಲ.

ಇದೇ ದಾರಿಯಲ್ಲಿ ತೀರಾ ಮುಂದೆ ಹೋದವರೂ ಇದ್ದಾರೆ. ಪ್ರೋಟೀನಿನ ಇಂಥ ಚಲನೆಯ ಲೆಕ್ಕ ಮೊದಲು ಪ್ರಕಟವಾದದ್ದು 1977ರಲ್ಲಿ. ಮಾರ್ಟಿನ್ ಕಾರ್ಪ್ಲಸ್ ಮತ್ತು ಸಂಗಡಿಗರು ಬಿಪಿಟಿಐ ಎಂಬ 58 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನನ್ನು ಹತ್ತು ಪಿಕೋಸೆಕೆಂಡಿಗೂ ಕಡಿಮೆ ಹೊತ್ತು ಓಡಿಸಿದ್ದರು. 2010ರಲ್ಲಿ ಅದೇ ಪ್ರೋಟೀನನ್ನು ಪೂರಾ ಒಂದು ಮಿಲಿಸೆಕೆಂಡ್, ಅಂದರೆ ಸುಮಾರು ಹತ್ತು ಕೋಟಿ ಪಟ್ಟು ಹೆಚ್ಚು ಹೊತ್ತು, ಓಡಿಸಿದ ವರದಿ ಬಂತು. ಓಡಿಸಿದ ಯಂತ್ರದ ಹೆಸರು ಆಂಟನ್. ಸೂಕ್ಷ್ಮದರ್ಶಕದಲ್ಲಿ ಜೀವಾಣುಗಳನ್ನು ಕಂಡ ಲೀವನ್‌ಹುಕ್‌ನ ಹೆಸರದು. ನ್ಯೂಯಾರ್ಕಿನ ಡಿ. ಇ. ಶಾ ರಿಸರ್ಚ್‌ನವರು 2008ರಲ್ಲಿ ಕಟ್ಟಿದ ಅದರಲ್ಲಿ 512 ಚಿಪ್ಪುಗಳು. ಪರಮಾಣು ಜೋಡಿಗಳ ಸೆಳೆತದ ಸೂತ್ರವನ್ನು ಚಿಪ್ಪಿನ ತಂತಿಯಲ್ಲೇ ನೇಯ್ದಿದ್ದರು. ಅದರಲ್ಲಿ ಸಂಬಳದ ಬಿಲ್ಲು ಮಾಡಲಾಗದು, ಸಿನಿಮಾ ನೋಡಲಾಗದು. ನಮ್ಮ ಮನೆಯ ಶ್ಯಾವಿಗೆ ಒರಳಿನ ಹಾಗೆ, ಒಂದೇ ಕೆಲಸ.

ನನ್ನಂಥ ಮೀಟರ್ ಹಿಡಿಯುವವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನೊಂದು ಕತೆ. ಇಂದು ನಮ್ಮೆಲ್ಲರ ಮೊಬೈಲಿನಲ್ಲಿರುವ ಆರ್ಮ್ ಜಾತಿಯ ಪ್ರೊಸೆಸರಿನ ಮೊಟ್ಟಮೊದಲ ಚಿಪ್ಪು 1985ರಲ್ಲಿ ತಯಾರಾಯಿತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಸ್ಟೀವ್ ಫರ್ಬರ್ ಕರೆಂಟ್ ಅಳೆಯಲು ಮೀಟರ್ ಹಚ್ಚಿದರೆ ಮುಳ್ಳು ಸೊನ್ನೆಯಲ್ಲೇ ನಿಂತಿತ್ತಂತೆ. ಚಿಪ್ಪು ಮಾತ್ರ ಕೆಲಸ ಮಾಡುತ್ತಿತ್ತು. ನೋಡಿದರೆ ಅದಕ್ಕೆ ಕರೆಂಟಿನ ತಂತಿಯೇ ಸೇರಿರಲಿಲ್ಲ. ಬೇರೆ ತಂತಿಗಳ ಸಿಗ್ನಲ್ಲಿನಿಂದ ಸೋರಿದ ಅಷ್ಟಿಷ್ಟರಲ್ಲೇ ಅದು ಬದುಕಿತ್ತು! ಅದೇ ಫರ್ಬರ್ ಮುಂದೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಮಿದುಳಿನ ನರಕೋಶಗಳನ್ನು ಅನುಕರಿಸಲು ಸ್ಪಿನ್ನೇಕರ್ ಎಂಬ ಯಂತ್ರ ಕಟ್ಟಿದರು. 2018ರ ಹೊತ್ತಿಗೆ ಅದರಲ್ಲಿ ಹತ್ತು ಲಕ್ಷ ಆರ್ಮ್ ಕೋರುಗಳಿದ್ದವು. ಅಷ್ಟು ಜಾಣತನದಿಂದ ಕಟ್ಟಿದರೂ ಮಿದುಳಿನ ಸಣ್ಣದೊಂದು ಪಾಲನ್ನು ಅನುಕರಿಸಲು ಅದಕ್ಕೆ ಹತ್ತಾರು ಕಿಲೋವ್ಯಾಟ್ ಬೇಕು. ಅದನ್ನು ಕಟ್ಟಿದವರ ಮಿದುಳು ಓಡಿದ್ದು ಇಪ್ಪತ್ತು ವ್ಯಾಟಿನಲ್ಲಿ.

2020ರ ಜನವರಿಯಲ್ಲಿ ಪ್ರೊಫೆಸರು ಕರೆದು, "ನೀವು ಅಳೆದದ್ದನ್ನೆಲ್ಲ ಒಂದು ರಿಪೋರ್ಟ್ ಮಾಡಿ ಕೊಡಿ, ಹೊಸ ಮಷೀನಿಗೆ ಹಣ ಕೇಳೋಣ" ಎಂದರು. ಅಂದು ರಾತ್ರಿ ಬರೆಯಲು ಕೂತಾಗ ಪೆನ್ನು ಮುಂದೆ ಹೋಗಲಿಲ್ಲ. ಲೆಕ್ಕ ಸ್ಪಷ್ಟವಾಗಿತ್ತು. ನಾಲ್ಕು ಕಾರ್ಡು ಹಾಕಿದ ಒಂದೇ ಒಂದು ಪೆಟ್ಟಿಗೆ ನಮ್ಮ ನಲವತ್ತು ಕಂಪ್ಯೂಟರುಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಅದಕ್ಕೆ ಮೂರು ಎಸಿ ಬೇಡ, ದೊಡ್ಡ ಯುಪಿಎಸ್ ಬೇಡ, ಒಂದು ಕೋಣೆಯೇ ಬೇಡ. ಕೋಣೆ ಬೇಡವೆಂದ ಮೇಲೆ ಕೋಣೆ ನೋಡಿಕೊಳ್ಳುವವನು ಯಾಕೆ? ನನ್ನ ಗುತ್ತಿಗೆ ವರ್ಷಕ್ಕೊಮ್ಮೆ ನವೀಕರಣವಾಗುತ್ತಿತ್ತು. ಮಗಳು ಆಗ ಆರನೇ ಕ್ಲಾಸು.

ಅಂಕಿಯನ್ನು ಸ್ವಲ್ಪ ಮೆತ್ತಗೆ ಮಾಡಬಹುದಿತ್ತು. ಹೊಸ ಕಾರ್ಡಿನ ಆಯಸ್ಸು ಗೊತ್ತಿಲ್ಲ ಎನ್ನಬಹುದಿತ್ತು. ಒಂದು ನಿಜವಾದ ನೆಪವೂ ಇತ್ತು. ಲ್ಯಾಬಿನ ಹಳೆಯ ವಿದ್ಯಾರ್ಥಿಗಳು ಬರೆದಿಟ್ಟ ಎರಡು ಪ್ರೋಗ್ರಾಮುಗಳು ಕಾರ್ಡಿನ ಮೇಲೆ ಓಡುವುದಿಲ್ಲ, ಅವನ್ನು ಸಣ್ಣ ಸಣ್ಣ ತುಂಡು ಮಾಡಿ ಹೊಸದಾಗಿ ಬರೆಯಬೇಕು. ಅಜ್ಜಿ ಹೇಳುತ್ತಿದ್ದಳಲ್ಲ, ಸೌದೆ ಸೀಳಲು ಒಬ್ಬ ಆಳು ಬೇಕು ಎಂದು, ಹಾಗೆ. ಆದರೆ ಬರೆಯುವಾಗೆಲ್ಲ ಆ ಸಿಮ್ಮು ನೆನಪಿಗೆ ಬರುತ್ತಿತ್ತು. ಒಮ್ಮೆ ನನ್ನ ಸೋಮಾರಿತನಕ್ಕೆ ಅವಳು ಮೂರು ವಾರ ತೆತ್ತಿದ್ದಳು. ಈಗ ನನ್ನ ಹೆದರಿಕೆಗೆ ಬೇರೆ ಯಾರೋ ತೆರಬೇಕೆ? ಇದ್ದದ್ದನ್ನು ಇದ್ದಂತೆ ಬರೆದು ಕೊಟ್ಟೆ. ಪ್ರೋಗ್ರಾಮುಗಳ ವಿಷಯವನ್ನೂ ಬರೆದೆ. ಪ್ರೊಫೆಸರು ಓದಿ ಮುಗಿಸಿ, ಕನ್ನಡಕ ತೆಗೆದು, "ಇದರ ಅರ್ಥ ಏನು ಅಂತ ನಿಮಗೆ ಗೊತ್ತಲ್ವಾ?" ಎಂದು ಕೇಳಿದರು. "ಗೊತ್ತು ಸರ್" ಅಂದೆ.

ಅಷ್ಟರಲ್ಲಿ ಲಾಕ್‌ಡೌನ್ ಬಂತು. ಕಾಗದಗಳು ಅಲ್ಲಲ್ಲೇ ನಿಂತವು. ಹೊಸ ಪೆಟ್ಟಿಗೆ ಬಂದು, 2021ರ ಫೆಬ್ರವರಿಯಲ್ಲಿ ಹಳೆಯ ಕ್ಲಸ್ಟರನ್ನು ಆಫ್ ಮಾಡಿದೆ. ಒಂದೇ ಸಲಕ್ಕೆ ಮೇನ್ ಇಳಿಸಬಹುದಿತ್ತು, ಮನಸ್ಸಾಗಲಿಲ್ಲ. ಒಂದೊಂದಾಗಿ ಆರಿಸುತ್ತಾ ಹೋದೆ. ಮೂವತ್ತು ಆರಿದ ಮೇಲೆ ಹೊರಗಿನ ಕಾಗೆಯ ಕೂಗು ಒಳಗೆ ಕೇಳಿಸಿತು. ಹತ್ತು ವರ್ಷದಲ್ಲಿ ಅದೇ ಮೊದಲು. ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಅಷ್ಟು ಹೊತ್ತಿಗೆ ಅವಳ ಥೀಸಿಸ್ ಮುಗಿದಿತ್ತು. ಅಂದು ಅವಳು ಎರಡು ವರ್ಷದಿಂದ ಹೇಳದೆ ಇದ್ದ ಒಂದು ಮಾತು ಹೇಳಿದಳು.

ಫೈಲು ಹೋದ ಆ ಏಪ್ರಿಲಿನಲ್ಲಿ ಸ್ಟೋರೇಜ್ ರಿಪೇರಿಯಾಗುವವರೆಗೆ ಅವಳಿಗೆ ಮಾಡಲು ಕೆಲಸವಿರಲಿಲ್ಲ. ಹಳೆಯದನ್ನೆಲ್ಲ ಪ್ರಿಂಟ್ ತೆಗೆದು ಕೂತಳಂತೆ. ಪ್ರೋಟೀನಿನ ಸರಪಳಿ ಯಾವ ಯಾವ ಕೋನಕ್ಕೆ ತಿರುಗಬಹುದು, ಯಾವುದಕ್ಕೆ ತಿರುಗಲು ಸಾಧ್ಯವೇ ಇಲ್ಲ ಎಂದು ತೋರಿಸುವ ನಕ್ಷೆಯೊಂದಿದೆ. ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಮದ್ರಾಸಿನಲ್ಲಿದ್ದಾಗ 1963ರಲ್ಲಿ ಪ್ರಕಟಿಸಿದ್ದು. ಆಮೇಲೆ ಅವರು ಬೆಂಗಳೂರಿಗೆ ಬಂದು ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಇಂದಿಗೂ ಜಗತ್ತಿನ ಎಲ್ಲ ಕಡೆ ಪ್ರೋಟೀನಿನ ಮಾದರಿಯನ್ನು ಮೊದಲು ಆ ನಕ್ಷೆಗೆ ಹಿಡಿದು ನೋಡುತ್ತಾರೆ. ಅವಳು ಮುಂದೆ ಓಡಿಸಬೇಕೆಂದಿದ್ದ ಮಾದರಿಗಳನ್ನು ಮತ್ತೊಮ್ಮೆ ಆ ನಕ್ಷೆಗೆ ಹಿಡಿದಾಗ ಎರಡರಲ್ಲಿ ಬುಡದಲ್ಲೇ ತಪ್ಪು ಕಂಡಿತಂತೆ. ಗೇಟಿನ ಹತ್ತಿರದ ತಿರುವುಗಳು ಇರಬಾರದ ಕೋನದಲ್ಲಿದ್ದವು. ಅವಸರದಲ್ಲಿ ಸರಿಯಾಗಿ ನೋಡಿರಲಿಲ್ಲ. "ಅವೆರಡೂ ರನ್ ಮಾಡಿದ್ರ ನೂರು ದಿನ ಸುಮ್ನ ಹೋಗ್ತಿತ್ರಿ ಸರ್ರ. ನಿಮ್ಮ ಸಿಮ್ಮಿನ ಪುಣ್ಯ" ಎಂದು ನಕ್ಕಳು. ನಾನು ಮನಸ್ಸಿನಲ್ಲೇ ಗುಣಿಸಿದೆ. ಓಡಿಸದೆ ಉಳಿದದ್ದು 8,600 ಯೂನಿಟ್. ಅದಕ್ಕೆ ಯಾವ ಹೊಸ ಕಾರ್ಡೂ ಬೇಕಾಗಿರಲಿಲ್ಲ. ನನ್ನ ತಪ್ಪು ಇದರಿಂದ ತಪ್ಪಲ್ಲ ಎಂದಾಗಲಿಲ್ಲ, ಆದರೆ ಎರಡು ವರ್ಷದಿಂದ ಎದೆಯಲ್ಲಿದ್ದ ಒಂದು ಭಾರ ಇಳಿಯಿತು.

ಮಾರ್ಚಿಗೆ ಗುತ್ತಿಗೆ ಮುಗಿಯಿತು. ಹೆಂಡತಿ ಮಗಳೊಡನೆ ಊರಿಗೆ ಹೋದೆ. ಎರಡನೇ ಅಲೆಯ ಕಾಲ. ಎಂಟು ತಿಂಗಳು ತೆಂಗಿನಕಾಯಿ ಸುಲಿಸುತ್ತಾ, ಮೋಟರ್ ರಿಪೇರಿ ಮಾಡುತ್ತಾ ಕಳೆದೆ. ಆ ವರ್ಷದ ಕೊನೆಗೆ ಬೇರೊಂದು ಸಂಸ್ಥೆಯಿಂದ ಕರೆ ಬಂತು. ನನ್ನ ಹಳೆಯ ಪ್ರೊಫೆಸರೇ ಹೆಸರು ಹೇಳಿದ್ದರು. ಈಗ ಆರು ಲ್ಯಾಬುಗಳ ಕಂಪ್ಯೂಟರುಗಳ ಕರೆಂಟಿನ ಲೆಕ್ಕ ನನ್ನ ಜವಾಬ್ದಾರಿ.

ಇಲ್ಲಿಗೆ ಕತೆ ಚೆನ್ನಾಗಿ ಮುಗಿಯಿತು ಎನ್ನಬಹುದಿತ್ತು, ಮೀಟರು ಬಿಡಲಿಲ್ಲ. ಹೊಸ ಜಾಗದಲ್ಲಿ ಎಲ್ಲವೂ ಕಾರ್ಡುಗಳೇ. ಮೊದಲ ವರ್ಷ ಬಿಲ್ಲು ಇಳಿಯಿತು. ಎರಡನೇ ವರ್ಷ ಏರತೊಡಗಿತು. ಮೂರನೇ ವರ್ಷಕ್ಕೆ ಮೊದಲಿಗಿಂತ ಮೇಲೆ ಹೋಯಿತು. ಮಷೀನು ಕೆಟ್ಟಿರಲಿಲ್ಲ. ಹತ್ತು ದಿನಕ್ಕೆ ಮೈಕ್ರೋಸೆಕೆಂಡ್ ಸಿಗುತ್ತದೆ ಎಂದಾದ ಮೇಲೆ ಯಾರೂ ಒಂದು ಮೈಕ್ರೋಸೆಕೆಂಡಿಗೆ ನಿಲ್ಲಲಿಲ್ಲ. ಹತ್ತು ಕೇಳಿದರು. ಒಂದು ಪ್ರೋಟೀನಿನ ಜಾಗದಲ್ಲಿ ನಲವತ್ತು ಬಂದವು. ಹೊಸ ಕಾರ್ಡು, ಅದರ ಮೇಲೆ ಇನ್ನೊಂದು ಕಾರ್ಡು. ನ್ಯಾನೋಸೆಕೆಂಡಿನ ಯೂನಿಟ್ ಇಳಿಯುತ್ತಲೇ ಇದೆ, ಒಟ್ಟು ಯೂನಿಟ್ ಏರುತ್ತಲೇ ಇದೆ.

ಮೊದಮೊದಲು ಇದರಿಂದ ಮೋಸಹೋದಂತೆ ಅನಿಸಿತ್ತು. ಕೆಲಸ ಕಳೆದುಕೊಂಡು ಬರೆದ ರಿಪೋರ್ಟಿಗೆ ಕೊನೆಗೆ ಏನರ್ಥ? ಕಳೆದ ದಸರೆಗೆ ಊರಿಗೆ ಹೋದಾಗ ಅವ್ವನಿಗೆ ಇದನ್ನೂ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. "ಅಸ್ತ್ರ ಒಲೆ ಬಂದಾಗ್ಲೂ ಹಂಗೇ ಆಯ್ತಲ್ಲ. ಸೌದೆ ಉಳೀತು ಅಂತ ಮೂರನೇದರ ಮೇಲೆ ನೀರಿಟ್ವಿ. ಅದಕ್ ಮುಂಚೆ ನಿಮ್ಮಜ್ಜಿ ತಣ್ಣೀರಲ್ಲೇ ಪಾತ್ರೆ ತೊಳೀತಿದ್ಲು, ಬೆರಳೆಲ್ಲ ಸೆಟ್ಕೊಳ್ಳೋದು" ಎಂದಳು. ಮೂರನೇ ತಪ್ಪಲೆಯ ಆ ಬಿಸಿನೀರು ನನಗೂ ನೆನಪಿದೆ. ಚಳಿಗಾಲದ ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ಅದರಲ್ಲೇ ಮುಖ ತೊಳೆಯುತ್ತಿದ್ದೆ. ಉಳಿದ ಸೌದೆ ಅಟ್ಟದ ಮೇಲೆ ಉಳಿಯಲಿಲ್ಲ ನಿಜ. ಅಜ್ಜಿಯ ಬೆರಳಿಗೆ ಬಿಸಿಯಾಗಿ ಹೋಯಿತು. ಅದನ್ನು ನಷ್ಟ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ನಲವತ್ತು ಪ್ರೋಟೀನುಗಳಲ್ಲಿ ಯಾವುದೋ ಒಂದು ಯಾರದೋ ಕಾಯಿಲೆಗೆ ಔಷಧಿಯ ದಾರಿ ತೋರಿಸಿದರೆ ಅದೂ ಹಾಗೆಯೇ.

ಹಾಗೆಂದು ಸುಮ್ಮನಿರಲೂ ಆಗಲಿಲ್ಲ. ಅವ್ವ ಮುದ್ದೆ ಇಳಿಸಿದ ತಕ್ಷಣ ಉರಿಯುವ ಕೊಳ್ಳಿಯನ್ನು ಹಿಂದಕ್ಕೆಳೆದು, ನೀರು ಚಿಮುಕಿಸಿ, ಗೋಡೆಗೆ ಒರಗಿಸಿದಳು. ನಾಳೆಗೆ. ಒಲೆ ಎಷ್ಟೇ ಒಳ್ಳೆಯದಾದರೂ ಬೆಂದಮೇಲೆ ಕೊಳ್ಳಿ ತಾನಾಗಿ ಹಿಂದಕ್ಕೆ ಬರುವುದಿಲ್ಲ.

ಬೆಂಗಳೂರಿಗೆ ಬಂದು ನಾನು ಒಂದು ಸಣ್ಣ ಬದಲಾವಣೆ ಮಾಡಿಸಿದೆ. ಈಗ ನಮ್ಮಲ್ಲಿ ಯಾರೇ ಓಟ ಶುರುಮಾಡಬೇಕಾದರೂ ಪರದೆಯ ಮೇಲೆ ಎರಡು ಪ್ರಶ್ನೆ ಬರುತ್ತವೆ: ಇದರಿಂದ ಏನು ತಿಳಿಯಬೇಕು? ಅದು ತಿಳಿಯಿತು ಎಂದು ಯಾವಾಗ ನಿಲ್ಲಿಸುತ್ತೀರಿ? ಅದರ ಕೆಳಗೆ, ಇದಕ್ಕೆ ಇಷ್ಟು ಯೂನಿಟ್ ಆಗುತ್ತದೆ ಎಂಬ ಒಂದು ಸಾಲು. ತಡೆಯುವುದೇನಿಲ್ಲ, ಏನು ಬರೆದರೂ ಓಡುತ್ತದೆ. ಬಹಳ ಹುಡುಗರು ಗೊಣಗುತ್ತಾರೆ. ಒಬ್ಬ ಮೊದಲ ಪ್ರಶ್ನೆಗೆ ಬರೀ ಒಂದು ಚುಕ್ಕಿ ಇಟ್ಟು ಕಳಿಸುತ್ತಿದ್ದ. ಹೋದ ವಾರ ಅವನು ಹದಿನೈದು ದಿನ ಓಡಬೇಕಿದ್ದ ಕೆಲಸವನ್ನು ಒಂಬತ್ತನೇ ದಿನಕ್ಕೆ ತಾನೇ ನಿಲ್ಲಿಸಿದ್ದ. ಯಾಕಪ್ಪಾ ಎಂದು ಕೇಳಿದೆ. "ಗೊತ್ತಾಯ್ತು ಸರ್" ಅಂದ.

ರಿಜಿಸ್ಟರಿನಲ್ಲಿ ಅದರ ಮುಂದೆ ಆರು ದಿನ ಎಂದು ಬರೆದುಕೊಂಡೆ. ಗೋಡೆಯ ಮೇಲಿನ ಪೆಟ್ಟಿಗೆಯ ಸಿಮ್ಮಿಗೆ ಮುಂದಿನ ರೀಚಾರ್ಜ್ ಯಾವತ್ತೆಂದು ಇನ್ನೊಮ್ಮೆ ನೋಡಿ ಮನೆಗೆ ಹೊರಟೆ.